ಕೋಳಿಯಿಲ್ಲದ ಕೇರಿಯ ಕೋಳಿ ಷಣ್ಮುಖಪ್ಪ

ಕೋಳಿಗೆ ಬರುವ ಕೊಕ್ಕರೆ ರೋಗದ ಲಸಿಕೆ ತಯಾರಾಗುವುದು ಕೋಳಿಮೊಟ್ಟೆಯೊಳಗೆ. ಆ ಮೊಟ್ಟೆ ಇಡುವ ಕೋಳಿಗೆ ಮಾತ್ರ ಆ ಲಸಿಕೆ ಹಾಕುವಂತಿಲ್ಲ. ಭಾನುವಾರ ಬಂತೆಂದರೆ ಅರ್ಧ ಶಿವಮೊಗ್ಗ ಕೋಳಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿರುತ್ತದೆ. ಇಷ್ಟು ಸಣ್ಣ ವಿಷಯ ನಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ. ತಿನ್ನುವವರಿಗೂ ಗೊತ್ತಿಲ್ಲ, ಸಾಕುವವರಿಗೂ ಗೊತ್ತಿಲ್ಲ. ಆ ಮೊಟ್ಟೆಯನ್ನು ಒದಗಿಸುತ್ತಿದ್ದ ಮಲವಗೊಪ್ಪದ ಷಣ್ಮುಖಪ್ಪನವರಿಗೆ ಹಾಕಬಾರದು ಎಂಬುದು ಗೊತ್ತಿತ್ತು, ಯಾಕೆ ಹಾಕಬಾರದು ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳುವ ಗೋಜಿಗೆ ಹೋಗಲಿಲ್ಲ.

ಷಣ್ಮುಖಪ್ಪ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಯಜಮಾನರು ತೀರಿಕೊಂಡು, ಮಕ್ಕಳು ಪಾಲಾಗಿ, ಮಂಡಿಗೆ ಬೀಗ ಬಿದ್ದಾಗ ಅವರ ಮೀಸೆ ಬೆಳ್ಳಗಾಗಿತ್ತು. ಆ ವಯಸ್ಸಿನ ಗುಮಾಸ್ತನನ್ನು ಇನ್ನೊಂದು ಮಂಡಿಯವರು ಯಾಕೆ ಸೇರಿಸಿಕೊಳ್ಳುತ್ತಾರೆ? ಮಲವಗೊಪ್ಪದಲ್ಲಿ ಸ್ವಂತ ಮನೆಯಿತ್ತು, ಮನೆಯ ಹಿಂದೆ ಉದ್ದನೆಯ ಹಿತ್ತಲಿತ್ತು, ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯೊಂದಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಶಂಕರಮ್ಮನ ನಾಲಿಗೆಯೊಂದು ಮನೆ ತುಂಬುವಷ್ಟಿತ್ತು.

ತೊಂಬತ್ತೈದರ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮನೆ ಮುಂದೆ ಜೀಪೊಂದು ನಿಂತಿತು. ಇಳಿದವರು ಡಾಕ್ಟರ್ ವಿಜಯಕುಮಾರ್. ಭದ್ರಾವತಿ ರಸ್ತೆಯಲ್ಲಿ ಆಗಷ್ಟೇ ಶುರುವಾಗಿದ್ದ, ಕೋಳಿ ಲಸಿಕೆ ತಯಾರಿಸುವ ಒಂದು ಸಣ್ಣ ಕಂಪನಿಯ ಅಧಿಕಾರಿ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ವಕೀಲರ ನೋಟೀಸು ಬರುತ್ತದೆಂದು ಪತ್ರಿಕೆಯವರು ಹೆದರುತ್ತಾರೆ.

"ನಿಮ್ಮ ಕೇರೀಲಿ ಯಾರ ಮನೇಲಾದ್ರೂ ಕೋಳಿ ಇದಾವಾ?" ಇದು ಡಾಕ್ಟರ ಮೊದಲ ಮಾತು.

ಷಣ್ಮುಖಪ್ಪನವರಿಗೆ ರೇಗಿತು. ಲಿಂಗವಂತರ ಕೇರಿ, ಬಾಗಿಲ ಮೇಲೆ ಬಸವಣ್ಣನ ಪಟ, ಹಣೆಯ ಮೇಲೆ ಆಗತಾನೆ ಇಟ್ಟ ವಿಭೂತಿ. "ಏನ್ ಸ್ವಾಮಿ, ಕಣ್ಣು ಕಾಣಲ್ವಾ? ಇಲ್ಲಿ ಕೋಳಿ ಇರ್ಲಿ, ಮೊಟ್ಟೆ ಸಿಪ್ಪೇನೂ ಸಿಕ್ಕಲ್ಲ."

"ಅದಕ್ಕೇ ಬಂದಿದ್ದು," ಎಂದು ಡಾಕ್ಟರು ನಕ್ಕು ಜಗಲಿಯ ಮೇಲೆ ಕೂತುಬಿಟ್ಟರು.

ವಿಷಯ ಇಷ್ಟು. ಲಸಿಕೆಗೆ ಬೇಕಾದ ಮೊಟ್ಟೆ ಪೇಟೆಯಲ್ಲಿ ಸಿಗುವಂಥದ್ದಲ್ಲ. ರೋಗದ ಗಾಳಿಯೂ ಸೋಕದ, ಲಸಿಕೆಯ ಹನಿಯೂ ಮುಟ್ಟದ ಕೋಳಿಯ ಮೊಟ್ಟೆ ಬೇಕು. ಅಂಥ ಕೋಳಿಯನ್ನು ಸಾಕಬೇಕಾದರೆ ಸುತ್ತಮುತ್ತ ಬೇರೆ ಕೋಳಿ ಇರಬಾರದು. ಎಲ್ಲ ಹಳ್ಳಿಯಲ್ಲೂ ಕೋಳಿ ಇವೆ. ಕೋಳಿಯಿಲ್ಲದ ಜಾಗ ಯಾವುದು? ಕೋಳಿ ತಿನ್ನದವರ ಕೇರಿ. ಕಂಪನಿಯವರು ಬುದ್ಧಿವಂತರು. ನಮ್ಮ ಮಡಿಯನ್ನು ಅವರು ಬೇಲಿ ಮಾಡಿಕೊಂಡರು.

"ನಾನೂ ನಿಮ್ಮೋನೇ ಷಣ್ಮುಖಪ್ಪನೋರೆ," ಎಂದು ಡಾಕ್ಟರು ಅಂಗಿಯೊಳಗಿನ ಶಿವದಾರ ತೋರಿಸಿದರು. "ನಾನೇನು ನಿಮಗೆ ಮೊಟ್ಟೆ ತಿನ್ನಿ ಅಂತೀನಾ? ಇದು ತಿನ್ನೋಕಲ್ಲ. ಔಷಧಿಗೆ. ಕೋಳಿ, ಶೆಡ್ಡು, ಮೇವು ಎಲ್ಲ ಕಂಪನೀದು. ಜಾಗ, ಕೆಲಸ ನಿಮ್ದು."

ಜೀಪು ಹೋದ ಮೇಲೆ ಒಳಗೆ ರಾಮಾಯಣವಾಯಿತು.

"ಕೋಳಿ ಸಾಕ್ತಾರಂತೆ ಕೋಳಿ! ನಾಳೆ ಸತ್ರೆ ಹೆಗಲು ಕೊಡೋಕೆ ನಾಲ್ಕು ಜನ ಬರ್ಬೇಕಲ್ರೀ ಈ ಮನೆಗೆ?"

"ತಿನ್ನೋಕಲ್ಲ ಕಣೇ. ಔಷಧಿಗೆ."

"ಯಾರಿಗೆ ಔಷಧಿ? ನಿಮಗಾ?"

"ಕೋಳಿಗೆ ಮಾರಾಯ್ತಿ. ರೋಗ ಬಂದು ಸಾಯೋ ಕೋಳಿಗೆ."

"ಬದುಕ್ಸಿ ಆಮೇಲೆ ತಿನ್ನೋಕಾ?"

ಆದರೂ ಒಂದು ತಿಂಗಳೊಳಗೆ ಹಿತ್ತಲಿನಲ್ಲಿ ತಂತಿ ಜಾಲರಿಯ ಶೆಡ್ಡು ಎದ್ದಿತು, ಬಿಳಿ ಹೇಟೆಗಳು ಬಂದವು, ನಡುನಡುವೆ ಕೆಂಪು ಜುಟ್ಟಿನ ಹುಂಜಗಳು ಬಂದವು. ಕೇರಿಗೆ ಮೊದಲ ಬಾರಿ ಕೋಳಿ ಕೂಗಿ ಬೆಳಗಾಯಿತು. ಶಂಕರಮ್ಮ ಹೊಸ ಕಾನೂನು ತಂದರು: ಶೆಡ್ಡಿಗೆ ಹೋಗಿ ಬಂದವರು ಹಿತ್ತಿಲ ಹಂಡೆಯ ನೀರಿನಲ್ಲಿ ತಲೆ ತೊಳೆದುಕೊಳ್ಳದೆ ಅಡಿಗೆಮನೆಯ ಹೊಸ್ತಿಲು ದಾಟಬಾರದು. ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತಾ ಬಂದರೆ, "ಬಂದ್ರು ಕೋಳಿಸ್ವಾಮಿಗಳು, ಪಾದಪೂಜೆ ಮಾಡ್ಬೇಕಾ?" ಎಂದು ಕಾಫಿ ಲೋಟವನ್ನು ಕುಟ್ಟಿ ಇಡುತ್ತಿದ್ದರು.

ಕಂಪನಿಯದೂ ಕಾನೂನಿತ್ತು. ಹೊರಗಿನವರನ್ನು ಶೆಡ್ಡಿಗೆ ಬಿಡಬಾರದು. ಶೆಡ್ಡಿನ ಚಪ್ಪಲಿ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೋಳಿಗಳಿಗೆ ಯಾವ ಕಾರಣಕ್ಕೂ ಲಸಿಕೆ ಹಾಕಬಾರದು. "ಹಾಕಿದ್ರೆ ಮೊಟ್ಟೆ ಕೆಲಸಕ್ಕೆ ಬರಲ್ಲ," ಎಂದರು ಡಾಕ್ಟರು. ಮಂಡಿಯಲ್ಲಿ ಮೂವತ್ತು ವರ್ಷ ಯಜಮಾನರು ಹೇಳಿದ್ದನ್ನು ಮಾಡಿ ಅಭ್ಯಾಸವಿದ್ದ ಷಣ್ಮುಖಪ್ಪ, ಯಾಕೆ ಎಂದು ಕೇಳಲಿಲ್ಲ. ಕೇಳುವವರಿಗೆ ಹೇಳಿಯೇ ಗೊತ್ತಿಲ್ಲದ ಡಾಕ್ಟರು, ಕೇಳದವರಿಗೆ ಹೇಳುತ್ತಾರೆಯೇ?

ಒಮ್ಮೆ ಮಾತ್ರ ಡಾಕ್ಟರು ಅವರನ್ನು ಕಂಪನಿಗೆ ಕರೆದುಕೊಂಡು ಹೋಗಿ ತೋರಿಸಿದರು. ಮೊಟ್ಟೆಗಳನ್ನು ಕಾವು ಕೊಡುವ ಪೆಟ್ಟಿಗೆಯಲ್ಲಿಟ್ಟು, ಒಳಗೆ ಮರಿ ರೂಪ ತಳೆಯುವವರೆಗೆ ಕಾಯುತ್ತಾರೆ. ದೀಪದ ಮುಂದೆ ಹಿಡಿದರೆ ಕೆಂಪು ನರಗಳ ಜಾಲ, ನಡುವೆ ಮಿಡಿಯುವ ಒಂದು ಚುಕ್ಕೆ. ಆಗ ಚಿಪ್ಪಿಗೆ ಸಣ್ಣ ತೂತು ಮಾಡಿ, ರೋಗದ್ದೇ ಸಾಧು ಜಾತಿಯ ವೈರಸ್ಸನ್ನು ಸೂಜಿಯಿಂದ ಒಳಗೆ ಬಿಟ್ಟು, ಮೇಣ ಹಚ್ಚಿ ಮತ್ತೆ ಕಾವಿಗಿಡುತ್ತಾರೆ. ಮೊಟ್ಟೆಯೊಳಗೆ ವೈರಸ್ಸು ಬೆಳೆಯುತ್ತದೆ. ಆಮೇಲೆ ಆ ಮೊಟ್ಟೆಯನ್ನು ತಣ್ಣಗೆ ಮಾಡಿ, ಒಳಗಿನ ನೀರನ್ನು ಎಳೆದು, ಒಣಗಿಸಿ ಸೀಸೆಗೆ ತುಂಬುತ್ತಾರೆ. ಸೀಸೆಯ ತಳದಲ್ಲಿ ಬೆಳ್ಳಗಿನ ಒಂದು ಬಿಲ್ಲೆ. ಅದೇ ಲಸಿಕೆ.

"ಒಳಗಿದ್ದ ಮರಿ?" ಎಂದು ಷಣ್ಮುಖಪ್ಪ ಕೇಳಿದರು.

ಡಾಕ್ಟರು ಭುಜ ಹಾರಿಸಿದರು. "ಒಂದು ಮರಿ ಹೋದ್ರೆ ನೂರಾರು ಕೋಳಿ ಉಳೀತಾವೆ ಸಾರ್."

ಆ ದಿನ ಷಣ್ಮುಖಪ್ಪ ಊಟ ಮಾಡಲಿಲ್ಲ. ಮಾರನೆಯ ದಿನ ಪೂಜೆಗೆ ಕೂತವರು ಎದ್ದು ಬಂದು ಶಂಕರಮ್ಮನಿಗೆ ಹೇಳಿದರಂತೆ: "ನೋಡೇ, ಆ ಮರಿಗಳ ಜೀವ ನನ್ನ ತಲೆ ಮೇಲಿದೆ. ಆದ್ರೆ ಅವು ವ್ಯರ್ಥ ಹೋಗ್ತಿಲ್ಲ. ಆ ಸೀಸೆ ಎಲ್ಲಿವರೆಗೆ ಕೋಳಿ ಬದುಕಿಸ್ತದೋ ಅಲ್ಲಿವರೆಗೆ ನಾನು ಶಿವನ ಮುಂದೆ ಕೂತ್ಕೋಬಹುದು." ಶಂಕರಮ್ಮ ಆ ಒಂದು ಸಲ ಕಾಫಿ ಲೋಟವನ್ನು ಕುಟ್ಟದೆ ಮೆಲ್ಲಗೆ ಇಟ್ಟರು.

ಅಲ್ಲಿಂದ ಮುಂದೆ ಅವರ ಬದುಕು ಆ ಒಂದು ಮಾತಿನ ಮೇಲೆ ನಿಂತಿತು. ಶಂಕರಮ್ಮನ ತಮ್ಮ ಉಜ್ಜನಪ್ಪ, ಆಲ್ಕೊಳದಲ್ಲಿ ಬಟ್ಟೆ ಅಂಗಡಿಯವರು, ನೆಂಟರ ಮದುವೆಯೊಂದರಲ್ಲಿ ಎಲ್ಲರ ಎದುರು ಕೂಗಿದರು: "ಭಾವಾ, ಪಂಕ್ತೀಲಿ ಕೂರೋ ಮುಂಚೆ ಒಂದ್ಸಲ ಕೊಕ್ಕೊಕ್ಕೋ ಅಂದ್ಬಿಡಿ, ಬಡಿಸೋರಿಗೆ ಗುರ್ತು ಸಿಗ್ಲಿ!"

ಚಪ್ಪರವೆಲ್ಲ ನಕ್ಕಿತು. ಷಣ್ಮುಖಪ್ಪ ಎಲೆಗೆ ನೀರು ಚಿಮುಕಿಸುತ್ತಾ ಹೇಳಿದರು: "ಉಜ್ಜನಪ್ಪ, ನೀನು ಹೆಗಲ ಮೇಲೆ ಹಾಕ್ಕೊಂಡಿದೀಯಲ್ಲ ರೇಷ್ಮೆ ಶಲ್ಯ, ಅದಕ್ಕೆ ಎಷ್ಟು ಹುಳ ಬೆಂದ್ವು ಲೆಕ್ಕ ಇಟ್ಟಿದೀಯಾ? ನಂದು ಉಳಿಸೋ ಲೆಕ್ಕ ಕಣಪ್ಪ, ಬೇಯಿಸೋ ಲೆಕ್ಕ ಅಲ್ಲ."

ಈ ಮಾತನ್ನು ಅವರು ಹೆಮ್ಮೆಯಿಂದ ಎಷ್ಟು ಕಡೆ ಹೇಳಿಕೊಂಡರೋ. ಭದ್ರಾವತಿ ಬಸ್ಸಿನಲ್ಲಿ ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡವರು ಕೂತರೆ ಮುಗಿಯಿತು, ಮೂಗು ಮುಚ್ಚಿಕೊಳ್ಳಬೇಕಾದವರು ಬಗ್ಗಿ ನೋಡಿ, "ಲಸಿಕೆ ಹಾಕ್ಸಿದೀರಾ? ಹಾಕ್ಸಿ. ನಮ್ಮನೆ ಮೊಟ್ಟೇದು," ಎನ್ನುತ್ತಿದ್ದರು.

ಹಾಗೆ ಪರಿಚಯವಾದವಳೇ ಹುಚ್ಚಮ್ಮ. ಭದ್ರಾವತಿಯ ಜನ್ನಾಪುರದವಳು. ಮನೆಯಲ್ಲಿ ನಾಟಿ ಕೋಳಿ ಸಾಕಿಕೊಂಡು, ಊರೂರು ತಿರುಗಿ ಇನ್ನಷ್ಟು ಕೊಂಡು ಸಂತೆಯಲ್ಲಿ ಮಾರುವವಳು. ಆಕೆಯ ಕೈ ಕೋಳಿಯ ರೆಕ್ಕೆ ಹಿಡಿದರೆ ಕೋಳಿ ತಾನಾಗಿ ಸುಮ್ಮನಾಗುತ್ತಿತ್ತು. ಷಣ್ಮುಖಪ್ಪನವರ ಮಾತು ಕೇಳಿ ತನ್ನ ಕೋಳಿಗಳಿಗೂ ತನ್ನ ಬೀದಿಯ ಕೋಳಿಗಳಿಗೂ ಲಸಿಕೆ ಹಾಕಿಸುವುದನ್ನು ರೂಢಿ ಮಾಡಿದಳು. ಎರಡು ಬೇಸಿಗೆ ಆ ಬೀದಿಯಲ್ಲಿ ಕೊಕ್ಕರೆ ರೋಗ ಕಾಣಲಿಲ್ಲ. ಷಣ್ಮುಖಪ್ಪನವರಿಗೆ ಇದಕ್ಕಿಂತ ದೊಡ್ಡ ಪ್ರಸಾದವಿರಲಿಲ್ಲ.

ಎರಡು ವರ್ಷವಾಗುತ್ತಿದ್ದ ಹಾಗೆ ಮೊದಲ ಹಿಂಡಿನ ಮೊಟ್ಟೆ ಕಡಿಮೆಯಾಯಿತು. "ಇವನ್ನ ಕಟುಕರಿಗೆ ಕೊಟ್ಬಿಡಿ, ಶೆಡ್ ತೊಳೆಸಿ ಸುಣ್ಣ ಹೊಡೀರಿ. ಹೊಸ ಹಿಂಡು ಕಳಿಸ್ತೀವಿ," ಎಂದು ಡಾಕ್ಟರು ಜೀಪಿನಿಂದಲೇ ಹೇಳಿ ಹೋದರು. ಕೋಳಿ ವ್ಯವಹಾರದಲ್ಲಿ ಇದು ದಿನನಿತ್ಯದ ಮಾತು. ಯಾವ ಕೋಳಿ ಸಾಕುವವನಾದರೂ ಸಂಜೆಯೊಳಗೆ ಲಾರಿ ತರಿಸುತ್ತಿದ್ದ.

ಷಣ್ಮುಖಪ್ಪನವರಿಗೆ ಕೈ ಬರಲಿಲ್ಲ. ಎರಡು ವರ್ಷ ಕಾಳು ಹಾಕಿದ ಕೈಯಿಂದ ಕಟುಕನಿಗೆ ಹಿಡಿದುಕೊಡುವುದು ಅವರ ವಂಶದಲ್ಲಿ ಯಾರೂ ಮಾಡದ ಕೆಲಸ. ಹುಚ್ಚಮ್ಮ ಬೇಲಿಯಾಚೆ ನಿಂತು ಕೇಳಿಯೇ ಕೇಳಿದಳು. ಒಳಗೆ ಮಾತ್ರ ಬರುತ್ತಿರಲಿಲ್ಲ. ಅಷ್ಟು ತಿಳಿವಳಿಕೆ ಆಕೆಗಿತ್ತು.

"ಕೊಡಿ ಸಾವ್ಕಾರ್ರೆ, ಸಂತೇಲಿ ಮಾರ್ಕೊಂಡು ಬರ್ತೀನಿ. ನೀವು ಕೊಡ್ದಿದ್ರೆ ಇವೇನು ಕೈಲಾಸಕ್ಕೆ ಹೋಗ್ತಾವಾ?"

"ಹೋಗ್ಲಿ ಬಿಡೇ. ತಾವಾಗೇ ಹೋಗ್ಲಿ."

"ಅಯ್ಯೋ ಶಿವನೇ, ಮುದಿ ಕೋಳಿಗೆ ಮಠ ಕಟ್ಟಿಸ್ತಾರಂತೆ!"

ಮಠ ಕಟ್ಟಿಸಲಿಲ್ಲ, ಹಳೆಯ ಕೊಟ್ಟಿಗೆಗೆ ಜಾಲರಿ ಹೊಡೆಸಿದರು. ಮುದಿ ಕೋಳಿಗಳು ಅಲ್ಲಿಗೆ ಹೋದವು. ಹೊಸ ಹಿಂಡು ಶೆಡ್ಡಿಗೆ ಬಂತು. ಎರಡಕ್ಕೂ ನಡುವೆ ಒಂದು ಹಿತ್ತಲು, ಒಂದು ಬಾವಿ. ಕಂಪನಿಗೆ ಹೇಳಲಿಲ್ಲ. ಕಂಪನಿ ಕೇಳಲೂ ಇಲ್ಲ. ಜೀಪು ಬರುತ್ತಿತ್ತು, ಮೊಟ್ಟೆಯ ತಟ್ಟೆಗಳನ್ನು ಹೇರಿಕೊಂಡು ಹೋಗುತ್ತಿತ್ತು. ಹೊಸ ಹಿಂಡು ಇಡುತ್ತಿದ್ದ ಮೊಟ್ಟೆ ಹಿಂದಿನಷ್ಟೇ ಚೆನ್ನಾಗಿತ್ತು.

ತೊಂಬತ್ತೇಳರ ದೀಪಾವಳಿ ಕಳೆದ ಮೇಲೆ ಹುಚ್ಚಮ್ಮ ಬೇಲಿಯಿಂದ ಇನ್ನೂ ದೂರ, ರಸ್ತೆಯ ಆಚೆ ಬದಿಯಲ್ಲಿ ನಿಂತು ಕೂಗಿದಳು.

"ಸಾವ್ಕಾರ್ರೆ, ಗಾಜನೂರು ಕಡೆ ಕೊಕ್ಕರೆ ಬಿದ್ದೈತೆ. ಹಸಿರು ಹಿಕ್ಕೆ, ಕತ್ತು ತಿರುಚ್ಕೊಂಡು ಗಿರಗಿರ ತಿರುಗಿ ಬೀಳ್ತಾವೆ. ನಿಮ್ಮ ಮುದಿ ಕೋಳಿಗೆ ಲಸಿಕೆ ಹಾಕ್ಸಿ. ಮುದುಕರಿಗೆ ಮೊದ್ಲು ಬಡಿಯೋದು."

"ನಮ್ಮ ಕೋಳಿಗೆ ಹಾಕೋ ಹಾಗಿಲ್ಲ ಕಣಮ್ಮ."

"ಅದು ಮೊಟ್ಟೆ ಕೊಡೋವಕ್ಕೆ. ಇವು ಎಲ್ಲಿ ಕಂಪನೀಗೆ ಮೊಟ್ಟೆ ಕೊಡ್ತಾವೆ?"

ಷಣ್ಮುಖಪ್ಪ ಯೋಚಿಸಿದರು. ಸರಿ ಎನಿಸಿತು. ಓದುಗರೆ, ನಿಮಗೂ ಸರಿ ಎನಿಸುತ್ತದೆ. ಹಾಕಬಾರದೆಂದದ್ದು ಮೊಟ್ಟೆಯ ಕೋಳಿಗೆ. ಇವು ಪಿಂಚಣಿಯ ಕೋಳಿ. ಹೊಸ ಹಿಂಡಿಗೆ ಹಾಕದಿದ್ದರಾಯಿತು. ಅಲ್ಲದೆ ಊರಿಗೆಲ್ಲ ಲಸಿಕೆ ಹಾಕಿಸಿ ಎಂದು ಸಾರುವವನ ಹಿತ್ತಲಲ್ಲೇ ಕೋಳಿ ಕತ್ತು ತಿರುಚಿ ಬಿದ್ದರೆ ಆಡಿದ ಮಾತಿಗೆ ಏನು ಬೆಲೆ?

ಶಿವಮೊಗ್ಗದ ಪೇಟೆಗೆ ಹೋಗಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿಸಿ, ತಮ್ಮದೇ ಕಂಪನಿಯ ಸೀಸೆ ತಂದರು. ಹನಿಯನ್ನು ಕಣ್ಣಿಗೆ ಬಿಡಬೇಕು. ಒಬ್ಬರು ಹಿಡಿಯಬೇಕು, ಒಬ್ಬರು ಬಿಡಬೇಕು. ಹುಚ್ಚಮ್ಮನನ್ನು ಒಳಗೆ ಬಿಡುವಂತಿಲ್ಲ. ಷಣ್ಮುಖಪ್ಪ ಒಂದು ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹನಿ ಬಿಡಲು ಹೆಣಗುವುದನ್ನು ಶಂಕರಮ್ಮ ಹಿತ್ತಿಲ ಬಾಗಿಲಿನಿಂದ ನೋಡುತ್ತಿದ್ದರು. ಹನಿ ಕೋಳಿಯ ಕಣ್ಣು ಬಿಟ್ಟು ಎಲ್ಲೆಡೆ ಬೀಳುತ್ತಿತ್ತು.

"ಥೂ, ನಿಮ್ಮ ಕೈಗಿಷ್ಟು! ಇಲ್ಲಿ ಕೊಡ್ರಿ."

ಸೆರಗು ಸಿಕ್ಕಿಸಿಕೊಂಡು ಆಕೆ ಕೊಟ್ಟಿಗೆಯೊಳಗೆ ಬಂದರು. ಹುಟ್ಟಿದಾಗಿನಿಂದ ಕೋಳಿಯನ್ನು ಮುಟ್ಟದ ಹೆಂಗಸು ಎಡಗೈ ಹೆಬ್ಬೆರಳಿನಿಂದ ಕೋಳಿಯ ರೆಪ್ಪೆ ಸರಿಸಿ, ದೇವರ ದೀಪಕ್ಕೆ ಎಣ್ಣೆ ಬಿಟ್ಟಷ್ಟು ನಾಜೂಕಾಗಿ ಒಂದೊಂದೇ ಹನಿ ಬಿಟ್ಟರು. "ಕಣ್ಣು ಮುಚ್ಚಬ್ಯಾಡ್ವೇ ಮುದುಕಿ, ನಿಂಗೇ ಒಳ್ಳೇದು," ಎಂದು ಬೈಯುತ್ತಾ ಬೈಯುತ್ತಾ ಕೊಟ್ಟಿಗೆಯೆಲ್ಲ ಮುಗಿಸಿದರು. ಆಮೇಲೆ ತಲೆಯ ಮೇಲೆ ನೀರು ಹೊಯ್ದುಕೊಂಡು ಮಲಗಿಬಿಟ್ಟರು. ಷಣ್ಮುಖಪ್ಪ ಈಗಲೂ ಆ ದಿನವನ್ನು ತಮ್ಮ ಸಂಸಾರದ ಒಳ್ಳೆಯ ದಿನ ಎನ್ನುತ್ತಾರೆ.

ಎಲ್ಲವೂ ಹಾಳಾದದ್ದು ಆ ಒಳ್ಳೆಯ ದಿನದಿಂದಲೇ.

ಸಂಕ್ರಾಂತಿ ಮುಗಿದ ಮೇಲೆ ಡಾಕ್ಟರ್ ವಿಜಯಕುಮಾರ್ ಹೇಳದೆ ಕೇಳದೆ ಬಂದರು. ಶೆಡ್ಡಿನ ಹೊಸ ಕೋಳಿಗಳ ರೆಕ್ಕೆಯಡಿಯಿಂದ ಸೂಜಿಯಲ್ಲಿ ರಕ್ತ ತೆಗೆದುಕೊಂಡು ಹೋದರು. ಒಂದೆರಡು ದಿನ ಬಿಟ್ಟು ಮತ್ತೆ ಬಂದಾಗ ಮುಖ ಕೆಂಪಾಗಿತ್ತು.

"ಯಾವಾಗ ಹಾಕಿದ್ರಿ ಲಸಿಕೆ?"

"ಈ ಕೋಳಿಗಾ? ಶಿವನಾಣೆ ಹಾಕಿಲ್ಲ ಸಾರ್."

"ಸುಳ್ಳು ಹೇಳ್ಬೇಡಿ. ಎಲ್ಲಾ ಕೋಳಿ ರಕ್ತದಲ್ಲೂ ಲಸಿಕೆ ಗುರುತು ಇದೆ."

"ಹಾಕಿದ್ದು ಆ ಕೊಟ್ಟಿಗೆ ಕೋಳಿಗೆ. ಹಳೇವಕ್ಕೆ."

ಡಾಕ್ಟರು ಕೊಟ್ಟಿಗೆಯ ಕಡೆ ತಿರುಗಿ ನೋಡಿದರು. ಮುದಿ ಕೋಳಿಗಳು ಬಿಸಿಲು ಕಾಯಿಸುತ್ತಾ ಕೂತಿದ್ದವು. ಡಾಕ್ಟರು ತಲೆ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕುಸಿದರು. ಆಗ, ಎರಡು ವರ್ಷದಲ್ಲಿ ಮೊದಲ ಬಾರಿ, ಕಾರಣ ಹೇಳಿದರು.

"ಅದು ಜೀವ ಇರೋ ವೈರಸ್ಸು ಕಣ್ರೀ. ಹಾಕಿಸ್ಕೊಂಡ ಕೋಳಿ ಒಂದಷ್ಟು ದಿನ ಅದನ್ನ ಹಿಕ್ಕೇಲಿ, ಉಸಿರಲ್ಲಿ ಬಿಡ್ತಾ ಇರುತ್ತೆ. ಗಾಳೀಲಿ ಬರುತ್ತೆ, ಬಕೆಟ್ಟಲ್ಲಿ ಬರುತ್ತೆ, ನಿಮ್ಮ ಕೈಯಲ್ಲೇ ಬರುತ್ತೆ. ನೀವು ಅವಕ್ಕೆ ಹಾಕಿದ್ದು ಇವಕ್ಕೂ ತಾನಾಗೇ ಹತ್ತಿದೆ. ಇವುಗಳ ರಕ್ತದಲ್ಲಿ ಈಗ ರೋಗ ತಡೆಯೋ ಶಕ್ತಿ ಇದೆ. ತಾಯಿ ಅದನ್ನ ಮೊಟ್ಟೇಲಿ ಮರಿಗೂ ಇಟ್ಟು ಕಳಿಸ್ತಾಳೆ. ಅಂಥ ಮೊಟ್ಟೆಗೆ ನಾವು ವೈರಸ್ ಚುಚ್ಚಿದ್ರೆ ಬೆಳೆಯೋದೆಲ್ಲಿಂದ? ಮೊಟ್ಟೆನೇ ಅದನ್ನ ಕೊಂದು ಹಾಕುತ್ತೆ."

ಒಂದೇ ಬಕೆಟ್ಟು. ಬಾವಿಯಿಂದ ಮೊದಲು ಕೊಟ್ಟಿಗೆಗೆ, ಆಮೇಲೆ ಶೆಡ್ಡಿಗೆ. ಷಣ್ಮುಖಪ್ಪ ಅದನ್ನೇ ನೋಡುತ್ತಾ ನಿಂತರು.

"ಈ ಮಾತು ಮೊದ್ಲೇ ಯಾಕೆ ಹೇಳ್ಲಿಲ್ಲ ಸಾರ್?"

"ನೀವು ಹಳೇ ಕೋಳಿ ಇಟ್ಕೋತೀರಾ ಅಂತ ಯಾರಿಗ್ರೀ ಗೊತ್ತಿತ್ತು? ಎಲ್ಲರೂ ಕಟುಕರಿಗೆ ಕೊಡ್ತಾರೆ!"

ಶಂಕರಮ್ಮ ಹಿತ್ತಿಲ ಬಾಗಿಲಿನಲ್ಲಿ ನಿಂತಿದ್ದರು. "ಎಲ್ಲರ ಥರ ಅಲ್ಲ ಅಂತ ತಾನೇ ನಮ್ಮ ಕೇರಿಗೆ ಬಂದಿದ್ದು ನೀವು? ಕೋಳಿ ಮುಟ್ಟದ ಜನ ಬೇಕು ಅಂದ್ರಿ. ಅಂಥ ಜನ ಕಟುಕರ ಹತ್ರ ಹೋಗ್ತಾರಾ? ಅಷ್ಟೂ ತಲೆ ಬೇಡ್ವಾ ಡಾಕ್ಟ್ರಿಗೆ?"

ನಾನು ಇದಕ್ಕೆ ಒಂದಕ್ಷರ ಸೇರಿಸುವುದಿಲ್ಲ.

ಷಣ್ಮುಖಪ್ಪನವರ ತಲೆಗೆ ಬೇರೊಂದು ಪ್ರಶ್ನೆ ಬಂದಿತ್ತು. "ಸಾರ್, ದೀಪಾವಳಿಯಿಂದ ಈಚೆ ಕೊಟ್ಟ ಮೊಟ್ಟೆ ಏನಾಯ್ತು?"

ಡಾಕ್ಟರು ಜೀಪಿನ ಕಡೆ ನೋಡಿದರು.

"ಸಾರ್, ಆ ಮೊಟ್ಟೆ?"

ಕೊನೆಗೆ ಬಾಯಿಬಿಟ್ಟರು. ಮೊಟ್ಟೆಯಿಂದ ತೆಗೆದ ನೀರನ್ನು ಕೋಳಿರಕ್ತದ ಹನಿಯೊಂದಿಗೆ ಬೆರೆಸಿ ನೋಡುತ್ತಾರೆ. ವೈರಸ್ಸು ಚೆನ್ನಾಗಿ ಬೆಳೆದಿದ್ದರೆ ರಕ್ತ ಒಡೆದ ಹಾಲಿನ ಹಾಗೆ ಕರಣೆ ಕಟ್ಟುತ್ತದೆ. ಈ ಸಲದ್ದು ಕಟ್ಟಲಿಲ್ಲ. ಅಂದರೆ ಸೀಸೆಯಲ್ಲಿ ಲಸಿಕೆ ಇದ್ದೂ ಇಲ್ಲದ ಹಾಗೆ. "ಚೂರು ವೀಕು, ಅಷ್ಟೇ," ಎಂದರಂತೆ ಮಾಲೀಕರು. ಬೇಸಿಗೆ ಬರುತ್ತಿದೆ, ಅಂಗಡಿಯವರು ಕೇಳುತ್ತಿದ್ದಾರೆ. ಸೀಸೆಗೆ ತುಂಬಿಸಿ, ಚೀಟಿ ಅಂಟಿಸಿ ಕಳಿಸಿಬಿಟ್ಟಿದ್ದರು. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ.

"ವಾಪಸ್ ತರ್ಸಿ."

"ನನ್ನ ಕೈಲಿಲ್ಲ ಷಣ್ಮುಖಪ್ಪನೋರೆ."

"ನಿಮ್ಮ ಕೈಲಿ ಸೂಜಿ ಇತ್ತಲ್ಲ ಸಾರ್. ಮರಿ ಇದ್ದ ಮೊಟ್ಟೆಗೆ ಚುಚ್ಚಿದ್ದು ನೀವೇ ಅಲ್ವಾ? ಅವೆಲ್ಲ ಯಾತಕ್ಕೆ ಸತ್ವು?"

ಜೀಪು ಹೋಯಿತು. ಮರುದಿನ ಕಂಪನಿಯ ಲಾರಿ ಬಂದು ಹೊಸ ಹಿಂಡನ್ನು ತುಂಬಿಕೊಂಡು ಹೋಯಿತು. ಎಲ್ಲಿಗೆ ಎಂದು ಇವರು ಕೇಳಲಿಲ್ಲ. ಕೇಳಿದ್ದರೂ ಇವರದಲ್ಲದ ಕೋಳಿಯನ್ನು ಉಳಿಸಿಕೊಳ್ಳುವ ಹಕ್ಕು ಇವರಿಗಿರಲಿಲ್ಲ.

ಷಣ್ಮುಖಪ್ಪ ಅಂದೇ ಶಿವಮೊಗ್ಗದ ಬಸ್ಸು ಹತ್ತಿದರು. ಪಶು ಔಷಧಿ ಮಾರುವ ಅಂಗಡಿಯಲ್ಲಿ ಐಸ್ ಪೆಟ್ಟಿಗೆಯೊಳಗೆ ಆ ಸೀಸೆಗಳು ಸಾಲಾಗಿ ಕೂತಿದ್ದವು. ಹಸಿರು ಚೀಟಿ, ಅದರ ಮೇಲೆ ಹುಂಜದ ತಲೆ.

"ಇದನ್ನ ಮಾರ್ಬೇಡಿ. ಇದ್ರಲ್ಲಿ ಶಕ್ತಿ ಇಲ್ಲ."

ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ. "ನೀವ್ಯಾರು? ಡಾಕ್ಟ್ರಾ?"

"ಅಲ್ಲ. ಮೊಟ್ಟೆ ಕೊಟ್ಟೋನು."

ಅಂಗಡಿಯಲ್ಲಿದ್ದ ನಾಲ್ಕಾರು ಗಿರಾಕಿಗಳು ಬಿದ್ದು ಬಿದ್ದು ನಕ್ಕರು. "ಅಲ್ರೀ, ಮೊಟ್ಟೆ ಕೊಟ್ಟೋರು ನೀವಾ, ಕೋಳಿಯಾ?" ಎಂದ ಒಬ್ಬ ಮಹಾನುಭಾವ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬಾಯಲ್ಲಿ ಕೋಳಿ ಮಾತು. ನಗಲು ಇನ್ನೇನು ಬೇಕು? ಅಂಗಡಿಯವನು ಮಾತ್ರ ನಗಲಿಲ್ಲ. "ಕಂಪನಿ ಹೇಳಿದ್ರೆ ಇವತ್ತೇ ವಾಪಸ್ ಕಳಿಸ್ತೀನಿ ಯಜಮಾನ್ರೆ. ದಾರೀಲಿ ಹೋಗೋರು ಹೇಳಿದ್ರೆ ಹೆಂಗೆ?" ಎಂದ. ಅವನನ್ನು ದ್ವೇಷಿಸಲೂ ಆಗದು.

ಅಲ್ಲಿಂದ ಪಶು ಇಲಾಖೆಯ ಕಚೇರಿಗೆ ಹೋದರು. ಮೇಜಿನಾಚೆ ಇದ್ದವರು ಎಲ್ಲವನ್ನೂ ಕೇಳಿಸಿಕೊಂಡು, "ಎಷ್ಟು ಕೋಳಿ ಸತ್ತಿವೆ?" ಎಂದರು.

"ಇನ್ನೂ ಸತ್ತಿಲ್ಲ ಸಾರ್. ಸಾಯೋ ಮುಂಚೆ ಹೇಳೋಣ ಅಂತ ಬಂದೆ."

"ಸಾಯದೇ ಇದ್ರೆ ಕಂಪ್ಲೇಂಟ್ ಹೆಂಗ್ರೀ ತಗೊಳ್ಳೋದು? ಸತ್ತ ಮೇಲೆ ಬನ್ನಿ."

ಭದ್ರಾವತಿಗೆ ಹೋಗುವಾಗ ಷಣ್ಮುಖಪ್ಪ ಬಸ್ಸಿನಲ್ಲಿ ಯಾರ ಕೋಳಿ ಬುಟ್ಟಿಯನ್ನೂ ಬಗ್ಗಿ ನೋಡಲಿಲ್ಲ. ಜನ್ನಾಪುರದಲ್ಲಿ ಹುಚ್ಚಮ್ಮ ಅಂಗಳದಲ್ಲಿ ಅಕ್ಕಿನುಚ್ಚು ಚೆಲ್ಲುತ್ತಿದ್ದಳು. ಸುತ್ತ ಕೋಳಿ.

"ಲಸಿಕೆ ತಂದ್ಯಾ ಹುಚ್ಚಮ್ಮ?"

"ತಂದು, ಹಾಕಿ, ಎಂಟತ್ತು ದಿನ ಆಯ್ತಲ್ಲ ಸಾವ್ಕಾರ್ರೆ. ಬೀದಿಗೆಲ್ಲ ಹಾಕಿದೀನಿ. ನಿಮ್ಮ ಮೊಟ್ಟೇದೇ, ಹುಂಜದ ತಲೇದು. ಬೇರೇದು ಕೊಡೋಕೆ ಬಂದ, ನಂಗೆ ಸಾವ್ಕಾರ್ರದೇ ಬೇಕು ಅಂತ ಜಗಳ ಮಾಡಿ ತಂದೆ."

ಷಣ್ಮುಖಪ್ಪ ಅಲ್ಲೇ ಕಲ್ಲಿನ ಮೇಲೆ ಕೂತರು. ಹೇಳಿದರು. ಮೊಟ್ಟೆ, ಬಕೆಟ್ಟು, ಮುದಿ ಕೋಳಿ, ಹೆಂಡತಿ ಬಿಟ್ಟ ಹನಿ, ಎಲ್ಲವನ್ನೂ. ಹುಚ್ಚಮ್ಮ ನುಚ್ಚಿನ ಮೊರವನ್ನು ಕೆಳಗಿಟ್ಟಳು.

"ಹಾಕ್ಸಿ ಅಂದಿದ್ದು ನಾನೇ ಅಲ್ವಾ," ಎಂದಳು. ಆಮೇಲೆ, "ಈಗ ಏನ್ಮಾಡೋದು?"

"ಬೇರೆ ಕಂಪನೀದು ತಂದು ಮತ್ತೆ ಹಾಕ್ಬೇಕು. ಎಲ್ಲಕ್ಕೂ."

ಇಬ್ಬರೂ ಮನೆಮನೆಗೆ ಹೋದರು. ಬಾಗಿಲಲ್ಲಿ ನಿಂತ ಜನ ಇವರಿಬ್ಬರ ಮುಖ ನೋಡಿದರು. "ಮೊನ್ನೆ ತಾನೇ ಹಾಕಿದ್ಯಲ್ಲ ಹುಚ್ಚಮ್ಮ?" "ಇದೇನು ಹೊಸಾ ವ್ಯಾಪಾರ?" "ಆವತ್ತು ಒಳ್ಳೇದು ಅಂದೆ, ಇವತ್ತು ಕೆಟ್ಟದ್ದು ಅಂತೀಯ, ನಾಳೆ ಇನ್ನೇನಂತೀಯ?" ಮೂರು ಮನೆಯವರು ಮಾತ್ರ ಒಪ್ಪಿದರು. ಹುಚ್ಚಮ್ಮ ತನ್ನವಕ್ಕೂ ಆ ಮೂರು ಮನೆಯವಕ್ಕೂ ಮತ್ತೆ ಹಾಕಿದಳು.

ಶಿವರಾತ್ರಿಯ ಹೊತ್ತಿಗೆ ರೋಗ ಜನ್ನಾಪುರಕ್ಕೆ ಬಂತು. ಆ ನಾಲ್ಕು ಮನೆ ಬಿಟ್ಟು ಬೀದಿಯ ಕೋಳಿಗೂಡುಗಳೆಲ್ಲ ಖಾಲಿಯಾದವು. ಬೆಳಿಗ್ಗೆ ಬುಟ್ಟಿ ಎತ್ತಿದರೆ ಕತ್ತು ತಿರುಚಿಕೊಂಡ ಕೋಳಿ, ಚರಂಡಿಯ ಬದಿಯಲ್ಲಿ ರೆಕ್ಕೆ ಎಳೆಯುತ್ತಾ ಹೋಗುವ ಕೋಳಿ, ಕೊಕ್ಕು ತೆರೆದು ಉಸಿರಿಗೆ ಬಾಯಿಬಿಡುವ ಕೋಳಿ. ಹುಚ್ಚಮ್ಮನ ಕೋಳಿ ಬದುಕಿದವು. ಅದೇ ಆಕೆಯ ತಪ್ಪಾಯಿತು. "ತನ್ನವಕ್ಕೆ ಒಳ್ಳೇದು ಹಾಕ್ಕೊಂಡು ನಮ್ಮವಕ್ಕೆ ನೀರು ಹಾಕಿದ್ಲು," ಎಂದಿತು ಬೀದಿ. ಮತ್ತೆ ಹಾಕಿಸಿಕೊಳ್ಳಿ ಎಂದು ಆಕೆ ಅದೇ ಬಾಗಿಲುಗಳ ಮುಂದೆ ನಿಂತದ್ದು ಯಾರಿಗೂ ನೆನಪಾಗಲಿಲ್ಲ. ಈಗ ಆಕೆಯ ಬುಟ್ಟಿಯಿಂದ ಆ ಬೀದಿಯವರು ಕೋಳಿ ಕೊಳ್ಳುವುದಿಲ್ಲ.

ಸತ್ತ ಮೇಲೆ ಬನ್ನಿ ಎಂದಿದ್ದರಲ್ಲ, ಷಣ್ಮುಖಪ್ಪ ಮತ್ತೆ ಅದೇ ಕಚೇರಿಗೆ ಹೋದರು. "ಸತ್ತ ಕೋಳಿ ತಂದಿದೀರಾ?" ಎಂದು ಕೇಳಿದರು. ಕೋಳಿಗಳನ್ನು ಜನ ಹೂತುಬಿಟ್ಟಿದ್ದರು. ಕೆಲವರು ತಿಂದೂ ಇದ್ದರು. ಬರಿಗೈಯಲ್ಲಿ ಬಂದವರನ್ನು ಬರಿಗೈಯಲ್ಲೇ ಕಳಿಸಿದರು.

ಉಗಾದಿ ಮುಗಿದ ಮೇಲೆ ಷಣ್ಮುಖಪ್ಪ ಜನ್ನಾಪುರಕ್ಕೆ ಮತ್ತೊಮ್ಮೆ ಹೋದರು. ಬೀದಿಯಲ್ಲಿ ಒಂದೊಂದು ಮನೆಯವರು ಹೊಸ ಮರಿ ತಂದಿದ್ದರು. ಕೈಯಲ್ಲಿ ಫ್ಲಾಸ್ಕಿತ್ತು, ಬೇರೆ ಕಂಪನಿಯ ಒಳ್ಳೆಯ ಲಸಿಕೆಯಿತ್ತು. ದುಡ್ಡು ಬೇಡ, ಹಾಕಿಸಿಕೊಳ್ಳಿ ಎಂದು ಕೇಳಿಕೊಂಡರು. ಹುಚ್ಚಮ್ಮನ ಪಕ್ಕದ ಮನೆಯ ತಮಿಳಿನಾಕೆ ಮರಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು.

"ವೇಣಾಂ ಸಾಮಿ. ಬೇಡ. ಆ ನೀರು ಬೇಡ."

ಕೋಳಿ ಮತ್ತೆ ಬರುತ್ತದೆ. ಒಂದು ವರ್ಷದಲ್ಲಿ ಬೀದಿ ತುಂಬುತ್ತದೆ. ಹೋದ ನಂಬಿಕೆಗೆ ಯಾವ ಪೆಟ್ಟಿಗೆಯಲ್ಲಿಟ್ಟು ಕಾವು ಕೊಡುವುದು? ಬರುವ ಬೇಸಿಗೆಯಲ್ಲಿ ಆ ಮರಿಗಳು ಸಾಯುತ್ತವೆ. ಲಸಿಕೆ ಇಲ್ಲದೆ ಅಲ್ಲ, ಲಸಿಕೆ ಬೇಡವಾಗಿ.

ಷಣ್ಮುಖಪ್ಪ ಈಗ ಪೂಜೆಗೆ ಕೂರುವುದಿಲ್ಲ. ಮಿಂದು, ವಿಭೂತಿ ಇಟ್ಟುಕೊಂಡು ದೇವರ ಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಾರೆ. ಆಮೇಲೆ ಶಿವಮೊಗ್ಗದ ಬಸ್ಸೋ ಭದ್ರಾವತಿಯ ಬಸ್ಸೋ ಹತ್ತುತ್ತಾರೆ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಫ್ಲಾಸ್ಕು ಹಿಡಿದು ಬರುವವರನ್ನು ತಡೆಯುತ್ತಾರೆ. "ಹುಂಜದ ತಲೇದು ಬೇಡ, ಬೇರೆ ಕೇಳಿ." ಕೆಲವರು ಕೇಳುತ್ತಾರೆ. ಹೆಚ್ಚಿನವರು, ಕೋಳಿ ಷಣ್ಮುಖಪ್ಪನಿಗೆ ತಲೆ ಕೆಟ್ಟಿದೆ ಎಂದು ಒಳಗೆ ಹೋಗಿ ಅದನ್ನೇ ಕೊಂಡುಬರುತ್ತಾರೆ. ಮಧ್ಯಾಹ್ನದ ಬುತ್ತಿಯನ್ನು ಶಂಕರಮ್ಮ ಕಟ್ಟಿಕೊಡುತ್ತಾರೆ. ಈಗ ಬೈಯುವುದಿಲ್ಲ. ಕೊಟ್ಟಿಗೆಗೆ ಕಾಳು ಹಾಕುವುದೂ ಆಕೆಯೇ.

ನಾನು ಇದನ್ನು ಬರೆಯುವ ಹೊತ್ತಿಗೂ ಆ ಸೀಸೆಗಳನ್ನು ಯಾರೂ ಹಿಂದಕ್ಕೆ ತರಿಸಿಲ್ಲ. ತಣ್ಣಗಿಟ್ಟರೆ ಅವು ಮುಂದಿನ ವರ್ಷದವರೆಗೂ ಮಾರಾಟಕ್ಕೆ ಬರುತ್ತವೆ. ಶಿವಮೊಗ್ಗ, ಭದ್ರಾವತಿಯ ಅಂಗಡಿಗಳಲ್ಲಿವೆ. ಹಳ್ಳಿಗಳಲ್ಲಿ ಫ್ರಿಜ್ಜಿರುವ ಮನೆಯ ಮೊಸರಿನ ಪಾತ್ರೆಯ ಪಕ್ಕದಲ್ಲಿವೆ. ನಿಮ್ಮ ಮನೆಯಲ್ಲೂ ಇರಬಹುದು. ಅಯ್ಯೋ ಪಾಪ ಎಂದು ಪತ್ರಿಕೆ ಮಡಚಿಡಬೇಡಿ. ನಿಮ್ಮ ಮರುಕದಿಂದ ಒಂದು ಕೋಳಿಮರಿಯೂ ಬದುಕುವುದಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆಯಿರಿ. ಹಸಿರು ಚೀಟಿ, ಹುಂಜದ ತಲೆ, ದೀಪಾವಳಿಯಿಂದ ಸಂಕ್ರಾಂತಿಯೊಳಗೆ ತಯಾರಾದ ತಾರೀಕು: ಈ ಮೂರೂ ಇದ್ದರೆ ಅದನ್ನು ಕೋಳಿಗೆ ಹಾಕಬೇಡಿ, ಚರಂಡಿಗೂ ಚೆಲ್ಲಬೇಡಿ. ಕೊಂಡ ಅಂಗಡಿಯ ಮೇಜಿನ ಮೇಲೆ ಇಟ್ಟು, ಅಂಗಡಿಯವನು ಕಂಪನಿಗೆ ಫೋನ್ ಮಾಡುವವರೆಗೆ ಅಲ್ಲಿಂದ ಕದಲಬೇಡಿ. ಈಗಾಗಲೇ ಹಾಕಿಸಿದ್ದರೆ ಬೇರೆ ಲಸಿಕೆ ತಂದು ಈ ವಾರವೇ ಮತ್ತೆ ಹಾಕಿಸಿ. ಪಕ್ಕದ ಮನೆಯವರು ಬೇಡವೆಂದರೆ, ಒಪ್ಪುವವರೆಗೆ ಅವರ ಬಾಗಿಲಲ್ಲಿ ನಿಲ್ಲಿ.